ಕೆಡಿಎಂ ಚಿನ್ನ: ಬೆಸೆಯುವವನ ಉಸಿರಿನ ಲೆಕ್ಕ

‘ಇದು ಕೆಡಿಎಂ ತಾನೇ?’ ಎಂದು ಆಭರಣದ ಅಂಗಡಿಯಲ್ಲಿ ಇಂದಿಗೂ ಕೇಳುವವರಿದ್ದಾರೆ. ಕೆಡಿಎಂ ಎಂದರೆ ಅಪ್ಪಟ ಚಿನ್ನ ಎಂಬ ನಂಬಿಕೆ ಅಷ್ಟು ಗಟ್ಟಿ. ಅದು ಚಿನ್ನದ ಗುಣಮಟ್ಟದ ಗುರುತಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಳಸಿದ್ದಾರೆ ಎಂದಷ್ಟೇ ಅದರ ಅರ್ಥ. ಗಿರಾಕಿಗೆ ಸಿಕ್ಕ ಆ ಭರವಸೆಗೆ ಬೆಲೆ ತೆತ್ತವನು ಅಕ್ಕಸಾಲಿಗ. ಹಾಗಾಗಿ ಆ ಬೇಡಿಕೆಯನ್ನೇ ನಾವು ಕೈಬಿಡಬೇಕು.

ಸರದ ಕೊಂಡಿಗಳನ್ನಾಗಲಿ ಓಲೆಯ ತಿರುಪನ್ನಾಗಲಿ ಕೂಡಿಸುವಾಗ ಬೆಸುಗೆ ಒಡವೆಗಿಂತ ಮೊದಲು ಕರಗಬೇಕು. ಇಲ್ಲವಾದರೆ ಒಡವೆಯೇ ಮುದ್ದೆಯಾದೀತು. ಅಪ್ಪಟ ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬೆಸುಗೆ ಅದಕ್ಕಿಂತ ಬೇಗ ಕರಗಲೆಂದು ಹಿಂದೆ ತಾಮ್ರ, ಬೆಳ್ಳಿಯನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಆ ಬೆರಕೆ ಒಡವೆಯಲ್ಲೇ ಉಳಿಯುತ್ತಿತ್ತು. ಕೊಂಡಿಗಳು ಹೆಚ್ಚಿದಷ್ಟೂ, ಕರಗಿಸಿ ನೋಡಿದಾಗ 22 ಕ್ಯಾರೆಟ್ ಎಂದು ಕೊಂಡದ್ದು ಅಷ್ಟಕ್ಕೆ ಕಡಿಮೆ ಬೀಳುತ್ತಿತ್ತು. ಕ್ಯಾಡ್ಮಿಯಂ ಬಂದ ಮೇಲೆ ನೂರಕ್ಕೆ ಸುಮಾರು 92 ಪಾಲು ಚಿನ್ನವಿದ್ದ ಬೆಸುಗೆಯೂ ಸಲೀಸಾಗಿ ಕರಗತೊಡಗಿತು.

ಬಿಳಿಗಾರ ಸವರಿ, ಬೆಸುಗೆಯ ಚೂರನ್ನು ಚಿಮಟದಿಂದ ಸಂದಿಗಿಟ್ಟು, ಊದುಗೊಳವೆಯಿಂದ ಉರಿ ಹಾಯಿಸುವವನ ಮುಖ ಕೆಲಸಕ್ಕೆ ತೀರಾ ಹತ್ತಿರದಲ್ಲಿರುತ್ತದೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಎಚ್ಚರಿಸುವಂಥ ವಾಸನೆಯೂ ಅದಕ್ಕಿಲ್ಲ. ಕೆಮ್ಮು, ಜ್ವರ ಕಾಣಿಸಿಕೊಳ್ಳುವುದು ಎಷ್ಟೋ ಗಂಟೆಗಳ ನಂತರ. ಮೈಗೆ ಸೇರಿದ್ದು ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೂ ಅದು ಕಾರಣವೆಂಬುದು ಸಾಬೀತಾಗಿದೆ.

‘ಅದೆಲ್ಲ ಬೆಂಕಿಯಲ್ಲಿ ಹಾರಿಹೋಗುತ್ತದೆ, ತೊಡುವವರಿಗೇನೂ ಆಗದು’ ಎನ್ನುವವರುಂಟು. ಬಹುಪಾಲು ಹಾರಿಹೋಗುವುದು ನಿಜ, ಆದರೆ ಹಾರಿ ಸೇರುವುದು ಬೆಸೆಯುವವನ ಎದೆಗೆ. ಕ್ಯಾಡ್ಮಿಯಂ ಬಿಟ್ಟರೆ ಗಿರಾಕಿಗೆ ಮತ್ತೆ ಹಳೆಯ ನಷ್ಟವೇ ಗತಿ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಅದಕ್ಕೆ ಉತ್ತರವೂ ಇದೆ: ಸತು, ಇಂಡಿಯಂ ಬೆರೆಸಿದ ಬೆಸುಗೆಗಳು ಚಿನ್ನದ ಪಾಲನ್ನು ಉಳಿಸಿಕೊಂಡೇ ಕರಗುತ್ತವೆ, ಲೇಸರ್‌ನಿಂದ ಬೆಸೆದರೆ ಬೆಸುಗೆಯೇ ಬೇಡ. ಇನ್ನು ಪರಿಶುದ್ಧತೆಯ ಖಾತರಿಗೆ 916ರ ಹಾಲ್‌ಮಾರ್ಕ್ ಇದೆ. 2021ರ ಜೂನ್‌ನಿಂದ ಅದು ಹಂತಹಂತವಾಗಿ ಕಡ್ಡಾಯವಾಗುತ್ತ ಬಂದಿದೆ.

ಆದರೆ ಹಾಲ್‌ಮಾರ್ಕ್ ಹೇಳುವುದು ಚಿನ್ನದ ಪಾಲನ್ನು, ಕೆಲಸದ ಕೋಣೆಯ ಗಾಳಿಯನ್ನಲ್ಲ. ಸತುವಿನ ಹೊಗೆಯೂ ಒಳ್ಳೆಯದಲ್ಲ. ಕ್ಯಾಡ್ಮಿಯಂನಷ್ಟು ಘೋರವಲ್ಲ, ಅಷ್ಟೇ. ಇಕ್ಕಟ್ಟಿನ ಕೋಣೆಯಲ್ಲಿ ಕೂತು ದುಡಿಯುವವನಿಗೆ ಹೊಗೆ ಹೀರುವ ಫ್ಯಾನ್ ಬೇಕೇ ಬೇಕು. ಅದರ ಖರ್ಚು ಮಜೂರಿಯಲ್ಲಿ ಸೇರಲಿ. ಲಕ್ಷಗಟ್ಟಲೆ ಕೊಟ್ಟು ಒಡವೆ ಕೊಳ್ಳುವವರು ಆ ಬಾಬ್ತಿಗೆ ಚೌಕಾಸಿ ಮಾಡದಿರಲಿ.