ಇಂಟರಪ್ಟ್ ತಡೆ: ಎಷ್ಟು ಹೊತ್ತು ಸರಿ?

ನೀವು ಕೀಲಿಮಣೆಯಲ್ಲಿ ಒಂದು ಕೀಲಿಯನ್ನು ಒತ್ತಿದೊಡನೆ ಪ್ರೊಸೆಸರಿಗೆ ಒಂದು ಕರೆ ಹೋಗುತ್ತದೆ. ಇದೇ ಇಂಟರಪ್ಟ್. ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಆ ಸಾಧನದ ಡ್ರೈವರ್ ತಂತ್ರಾಂಶವನ್ನು ನಡೆಸಿ, ಮತ್ತೆ ಮೊದಲಿನ ಕೆಲಸಕ್ಕೆ ಮರಳುತ್ತದೆ. ಕೆಲವೊಮ್ಮೆ ಡ್ರೈವರು ಇಂಥ ಕರೆಗಳನ್ನೇ ತಡೆಹಿಡಿಯುತ್ತದೆ. ಅರ್ಧ ತಿದ್ದಿದ ಮಾಹಿತಿಯನ್ನು ಇನ್ನೊಂದು ಕರೆ ಬಂದು ಕೆಡಿಸಬಾರದಲ್ಲ! ಹೀಗೆ ಎಷ್ಟು ಹೊತ್ತು ತಡೆಯಬಹುದು?

ಲೆಕ್ಕ ಹಾಕಿ ನೋಡೋಣ. ಸೀರಿಯಲ್ ಪೋರ್ಟಿಗೆ ಸೆಕೆಂಡಿಗೆ 1,15,200 ಬಿಟ್‌ಗಳು ಬರುತ್ತಿವೆ ಎನ್ನಿ. ಆರಂಭದ ಮತ್ತು ಕೊನೆಯ ಬಿಟ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್. ಅಂದರೆ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡ್. ಹಳೆಯ 16450 ಚಿಪ್ಪಿನಲ್ಲಿ ಬಂದ ಅಕ್ಷರವನ್ನಿಡಲು ಒಂದೇ ಮನೆ. ಮುಂದಿನದು ಪೂರ್ತಿ ಬರುವುದರೊಳಗೆ ಅದನ್ನು ಓದಿಕೊಳ್ಳದಿದ್ದರೆ ಅದು ಅಳಿಸಿಹೋಗುತ್ತದೆ. ಅನಂತರದ 16550ಎ ಚಿಪ್ಪಿನಲ್ಲಿ 16 ಮನೆಗಳ ಸಾಲಿದೆ. 14 ತುಂಬಿದಾಗ ಕರೆ ಕಳಿಸುವಂತೆ ಹೊಂದಿಸಿದರೆ, 17ನೆಯ ಅಕ್ಷರ ಮುಗಿಯುವ ತನಕ, ಅಂದರೆ ಸುಮಾರು 260 ಮೈಕ್ರೊಸೆಕೆಂಡ್ ಬಿಡುವು ಸಿಗುತ್ತದೆ.

ಈಗ ಅದೇ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕಿನತ್ತ ತಿರುಗಿ. 1990ರ ದಶಕದ ಅನೇಕ ಐಡಿಇ ಡಿಸ್ಕುಗಳಿಂದ ಪ್ರೊಸೆಸರೇ ಮಾಹಿತಿಯನ್ನು ಹೊತ್ತು ತರಬೇಕಿತ್ತು. ಈ 'ಪಿಐಒ' ವಿಧಾನದ ಅತಿ ನಿಧಾನದ ಬಗೆಯ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 33 ಲಕ್ಷ ಬೈಟ್. 512 ಬೈಟ್‌ಗಳ ಒಂದು ಸೆಕ್ಟರಿಗೇ 155 ಮೈಕ್ರೊಸೆಕೆಂಡ್ ಬೇಕು. ಒಟ್ಟಿಗೆ 16 ಸೆಕ್ಟರ್ ಓದಿದರೆ ಸುಮಾರು 2.5 ಮಿಲಿಸೆಕೆಂಡ್! ಅಷ್ಟು ಹೊತ್ತು ಕರೆಗಳನ್ನು ತಡೆದರೆ, ಮೋಡೆಮ್‌ನಿಂದ ಆ ವೇಗದಲ್ಲಿ ಬರುವ 28 ಅಕ್ಷರಗಳಲ್ಲಿ ಹಲವು ಮಾಯ. ಲಿನಕ್ಸಿನ 'ಎಚ್‌ಡಿಪಾರ್ಮ್' ಆದೇಶದಲ್ಲಿ ಡಿಸ್ಕಿನ ಕೆಲಸದ ನಡುವೆಯೂ ಬೇರೆ ಕರೆಗಳಿಗೆ ಅವಕಾಶ ಕೊಡುವ ಆಯ್ಕೆಯನ್ನು ಇಟ್ಟದ್ದು ಇದಕ್ಕಾಗಿಯೇ. ಡಿಸ್ಕಿನ ತಪ್ಪಿಗೆ ಮೋಡೆಮ್ಮನ್ನು ಬೈದವರು ಎಷ್ಟು ಮಂದಿಯೋ!

ಡ್ರೈವರ್ ಬರೆಯುವವರು ಮರೆಯುವುದು ಇದನ್ನೇ. ನಿಮ್ಮ ಸಾಧನಕ್ಕೆ ತಾಳ್ಮೆಯಿದ್ದರೆ ಸಾಲದು. ಯಂತ್ರದಲ್ಲಿರುವ ಅತ್ಯಂತ ಅವಸರದ ಸಾಧನವೇ ಮಿತಿಯನ್ನು ಗೊತ್ತುಮಾಡುತ್ತದೆ. ಅದು ಯಾವುದೆಂದು ನಿಮಗೆ ಮೊದಲೇ ತಿಳಿದಿರುವುದಿಲ್ಲ. ವಿಂಡೋಸ್ ಡ್ರೈವರುಗಳಿಗೆ ಮೈಕ್ರೊಸಾಫ್ಟ್ ಕೊಡುವ ಸಲಹೆಯೂ ಬಿಗಿಯಾದದ್ದೇ: ಇಂಟರಪ್ಟ್ ಬಂದೊಡನೆ ನಡೆಯುವ ಭಾಗ 25 ಮೈಕ್ರೊಸೆಕೆಂಡ್ ಮೀರಬಾರದು, ಮುಂದೂಡಿದ ಭಾಗ 100 ಮೀರಬಾರದು.

ಈಗ ಡಿಎಂಎ ವಿಧಾನದಿಂದ ಪ್ರೊಸೆಸರಿನ ಹೊರೆ ಇಳಿದಿದೆ. 2024ರಲ್ಲಿ ಲಿನಕ್ಸ್ 6.12ರ ಮುಖ್ಯ ಆವೃತ್ತಿಯಲ್ಲೇ ನೈಜಕಾಲಿಕ ಆಯ್ಕೆ ಸೇರಿತು. ಇದರಲ್ಲಿ ಹೆಚ್ಚಿನ ಇಂಟರಪ್ಟ್ ಕೆಲಸಗಳು ಪ್ರತ್ಯೇಕ ಥ್ರೆಡ್‌ಗಳಲ್ಲಿ, ಇತರ ಕರೆಗಳನ್ನು ತಡೆಯದೆ ನಡೆಯುತ್ತವೆ. ಆದರೂ ಸಾಧನವೊಂದು ಸಿದ್ಧವಾಗಲು 5 ಮಿಲಿಸೆಕೆಂಡ್ ಕಾಯಬೇಕಾದರೆ, ಕರೆಗಳನ್ನು ತಡೆದು ಸುಮ್ಮನೆ ಸುತ್ತು ಹಾಕಬೇಡಿ. ಟೈಮರ್ ಇಟ್ಟು ಹೊರಬನ್ನಿ.