ಸಾಕುನಾಯಿಗೊಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ

ಪುಣೆಯ ವೇತಾಳ ಟೇಕಡಿಗೆ ಬೆಳಗಿನ ತಿರುಗಾಟಕ್ಕೆಂದು ಸಾಕುನಾಯಿಯನ್ನು ಕರೆದೊಯ್ಯುವವರು ನಮ್ಮಲ್ಲಿ ಇದ್ದಾರೆ. ಅದರ ಅಂಗಾಲಿಗೆ ಮುಳ್ಳು ನಾಟಿದಾಗ ಒದಗಲೆಂದು ಹತ್ತಿ, ಗಾಜ್ ಬಟ್ಟೆ, ಬ್ಯಾಂಡೇಜು, ಕತ್ತರಿ, ಚಿಮಟ, ಪೊವಿಡೋನ್ ಅಯೊಡಿನ್, ಉಷ್ಣಮಾಪಕ, ಪಶುವೈದ್ಯರ ದೂರವಾಣಿ ಸಂಖ್ಯೆ, ಇಷ್ಟನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಇರಿಸತಕ್ಕದ್ದು. ಮನೆಯವರ ಮಾತ್ರೆಗಳು ಮಾತ್ರ ಅದರಲ್ಲಿ ಸೇರಕೂಡದು. ನಮ್ಮ ನೋವನ್ನು ನೀಗುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣನ್ನುಂಟುಮಾಡಿ, ಮೂತ್ರಪಿಂಡಗಳನ್ನು ಕೆಡಿಸಿ, ಪ್ರಾಣಾಪಾಯವನ್ನೇ ತರಬಹುದು. ಮೈ ಬಿಸಿಯೆನಿಸಿದೊಡನೆ ಜ್ವರವೆಂದು ಬಗೆಯುವುದೂ ತಪ್ಪು, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜವಾದ ಉಷ್ಣತೆ.

ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚೀತು. ಕಚ್ಚಿದಲ್ಲಿ ಹುಚ್ಚುನಾಯಿ ರೋಗದ ಶಂಕೆಯನ್ನು ಕಡೆಗಣಿಸದೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ವೈದ್ಯರನ್ನು ಕಾಣಬೇಕು. ಆದುದರಿಂದ ಪೆಟ್ಟಿಗೆಯಲ್ಲಿ ಒಂದು ಸಾಬೂನಿಗೂ ಸ್ಥಳವಿರಲಿ.