ತೂಕ ಇಳಿಸೋಣ, ಊಟ ಬಿಟ್ಟು ಅಲ್ಲ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಈಗೀಗ ಇನ್ನೊಂದು ಮಾತು ಬರುತ್ತದೆ. “ಅಕ್ಕಾ, ಮಂಡಿ ನೋವು. ಡಾಕ್ಟರ್ ತೂಕ ಇಳಿಸು ಅಂದ್ರು. ಬೆಳಗಿನ ತಿಂಡಿ ಬಿಟ್ಟಿದ್ದೀನಿ, ಆದ್ರೂ ಇಳೀತಾ ಇಲ್ಲ.” ಇನ್ನೊಬ್ಬರು ತೂಕ ಇಳಿಸುವ ಪುಡಿ ಕೊಳ್ಳಲು ಸಂಘದಲ್ಲಿ ಸಾಲ ಸಿಗುತ್ತಾ ಅಂತ ಕೇಳುತ್ತಾರೆ. ಇಬ್ಬರಿಗೂ ಉತ್ತರ ಒಂದೇ. ಊಟ ಬಿಡುವುದೂ ಬೇಡ, ಪುಡಿಯೂ ಬೇಡ. ತಟ್ಟೆ ಬದಲಾಗಬೇಕು, ಕಾಲು ನಡೆಯಬೇಕು.

ಊಟ ಯಾಕೆ ಬಿಡಬಾರದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 24 ಜನರಿಗೆ ತೂಕ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಶೇಕಡಾ 57 ಮಹಿಳೆಯರಿಗೆ ರಕ್ತಹೀನತೆ. ದಪ್ಪಗಿದ್ದವರಿಗೆ ರಕ್ತ ಚೆನ್ನಾಗಿದೆ ಅಂತ ತಿಳಿಯಬೇಡಿ, ಎರಡೂ ಒಬ್ಬಳಲ್ಲೇ ಇರಬಹುದು. ಅಂಥವರು ಊಟ ಬಿಟ್ಟರೆ ತಲೆಸುತ್ತು, ಸುಸ್ತು ಹೆಚ್ಚುತ್ತದೆ. ಬೆಳಗ್ಗೆ ಏನೂ ತಿನ್ನದೆ ಮಧ್ಯಾಹ್ನ ಮೂರಕ್ಕೆ ಹಸಿವು ತಡೆಯದೆ ಎರಡರಷ್ಟು ಅನ್ನ ತಿಂದರೆ ತೂಕವೂ ಇಳಿಯುವುದಿಲ್ಲ.

ಮೊದಲು ಅಳತೆ ನೋಡಿ

ಹೊಲಿಗೆಯ ಟೇಪು ಸಾಕು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಹೊಟ್ಟೆ ಒಳಗೆ ಎಳೆಯದೆ ಅಳೆಯಿರಿ. ಮಹಿಳೆಯರಿಗೆ ಇದು 80 ಸೆಂಟಿಮೀಟರ್, ಅಂದರೆ ಸುಮಾರು 31½ ಇಂಚು ದಾಟಿದರೆ ಎಚ್ಚರ ಬೇಕು. ಹೊಟ್ಟೆಯ ಬೊಜ್ಜು ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆಗೆ ದಾರಿ.

ತಟ್ಟೆಯ ಲೆಕ್ಕ

ಪಾಸ್‌ಬುಕ್ಕಿನಲ್ಲಿ ಹಾಕಿದ್ದು ಹೆಚ್ಚಾಗಿ, ತೆಗೆದದ್ದು ಕಡಿಮೆಯಾದರೆ ಬಾಕಿ ಬೆಳೆಯುತ್ತದಲ್ವಾ? ದೇಹವೂ ಹಾಗೇ. ಎಲ್ಲೆಲ್ಲಿ ಗೊತ್ತಿಲ್ಲದೆ ಜಮೆ ಆಗುತ್ತಿದೆ ನೋಡೋಣ.

ಟೀ: ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆ ಒಬ್ಬಳ ಹೊಟ್ಟೆಗೇ! ಎರಡು ಟೀ, ಅರ್ಧ ಚಮಚ ಸಕ್ಕರೆಗೆ ನಿಧಾನವಾಗಿ ಇಳಿಸಿ. ಬೆಲ್ಲ ಹಾಕಿದರೂ ಲೆಕ್ಕ ಅದೇ. ಊಟದ ಜೊತೆಗೇ ಟೀ ಕುಡಿಯಬೇಡಿ, ಅದು ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ.

ಎಣ್ಣೆ: ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ನಾಲ್ಕು ಜನರ ಮನೆಗೆ ಐದು ಲೀಟರ್ ಖರ್ಚಾಗುತ್ತಿದ್ದರೆ ಬೋಂಡ, ಪೂರಿ ಕಡಿಮೆ ಮಾಡಿ.

ಅನ್ನ, ಮುದ್ದೆ: ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ಮುದ್ದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಹಾಗಂತ ಎರಡು ದೊಡ್ಡ ಮುದ್ದೆ ತಿಂದರೆ ತೂಕ ಇಳಿಯಲ್ಲ. ಬಸ್ಸಾರು, ಮಸೊಪ್ಪು, ಹುರುಳಿಕಾಳು ಇವು ಹೊಟ್ಟೆ ತುಂಬಿಸುತ್ತವೆ, ಶಕ್ತಿಯನ್ನೂ ಕೊಡುತ್ತವೆ.

ಉಳಿದದ್ದು: ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನ “ಹಾಳಾಗುತ್ತೆ” ಅಂತ ತಿನ್ನುವವರು ನಾವೇ. ತರಕಾರಿ, ಕಾಳು ಖಾಲಿ, ಅನ್ನ ಮಾತ್ರ ನಮಗೆ. ಇನ್ನು ಮುಂದೆ ಅಳತೆ ಮಾಡಿ ಅಡುಗೆ ಮಾಡಿ. ಎಲ್ಲರ ಜೊತೆಗೇ ಕೂತು ಊಟ ಮಾಡಿ. ಮೊಟ್ಟೆ, ಪಲ್ಯದಲ್ಲಿ ನಿಮಗೂ ಪಾಲಿದೆ.

“ಮನೆಗೆಲಸವೇ ವ್ಯಾಯಾಮ ಅಲ್ವಾ?”

ಹೊಲದಲ್ಲಿ ಕೆಲಸ, ದೂರದಿಂದ ನೀರು ಹೊರುವುದು ಖಂಡಿತ ವ್ಯಾಯಾಮ. ಆದರೆ ಒಲೆ ಮುಂದೆ ನಿಲ್ಲುವುದು, ಹೊಲಿಗೆ ಯಂತ್ರದ ಮುಂದೆ, ಬೀಡಿ ಕಟ್ಟುತ್ತಾ ಕೂರುವುದು ಸಾಲದು. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಒಟ್ಟಿಗೆ ಆಗದಿದ್ದರೆ ಹತ್ತತ್ತು ನಿಮಿಷ ಮೂರು ಸಲ ಮಾಡಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೆ ತೊಡೆಗೆ ಬಲ ಬರುತ್ತದೆ, ಮಂಡಿಗೂ ಆಸರೆ.

ಅವಸರ ಬೇಡ

ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿಸಿದರೂ ಸಕ್ಕರೆ, ಬಿ.ಪಿ. ಹತೋಟಿಗೆ ಬರಲು ಸಹಾಯ. ಪುಡಿ, ಮಾತ್ರೆಗೆ ಸಾಲ ಮಾಡಬೇಡಿ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ತೂಕ ಇಳಿಸಲು ಊಟ ಕಡಿಮೆ ಮಾಡಲೇಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಊಟ ತಟ್ಟನೆ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡೆಯುವಾಗ ಎದೆನೋವು, ವಿಪರೀತ ಏದುಸಿರು ಬಂದರೆ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕಾರಣವಿಲ್ಲದೆ ತೂಕ ಏರುತ್ತಾ ಸುಸ್ತು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಉಚಿತ.

ಮುಂದಿನ ಸಭೆಗೆ ಒಂದು ಟೇಪು ತನ್ನಿ. ಪ್ರತಿಯೊಬ್ಬರೂ ತಮ್ಮ ಅಳತೆಯನ್ನು ತಮ್ಮ ಪುಸ್ತಕದಲ್ಲೇ ಬರೆದುಕೊಳ್ಳಲಿ, ಯಾರೂ ಯಾರನ್ನೂ ನೋಡಿ ನಗುವುದು ಬೇಡ. ಜೊತೆಯಾಗಿ ನಡೆಯಲು ಒಂದು ಹೊತ್ತು ಗೊತ್ತು ಮಾಡಿ. ಹತ್ತು ಹತ್ತು ರೂಪಾಯಿ ಸೇರಿಸಿ ಸಂಘ ಕಟ್ಟಿದ ನಮಗೆ ದಿನಕ್ಕೆ ಅರ್ಧ ಗಂಟೆ ಉಳಿಸುವುದು ಕಷ್ಟವಲ್ಲ.